ಎಡವಟ್ಟು ಸುರುಳಿ

ಜೂನ್ ೧೨

ಸೊಸೆಗೆ ಮಾವನ ಆಶೀರ್ವಾದ.

ಧೈರ್ಯ ತಂದುಕೊಂಡು ಓದು. ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ನಿನ್ನ ಗಂಡ ಒಬ್ಬರ ತಲೆ ಉರುಳಿಸಿಬಿಟ್ಟ. ಕುರ್ಚಿಯಿಂದ ನೆಲಕ್ಕೆ ಬಿತ್ತು, ಬಾಗಿಲು ದಾಟಿತು, ರಸ್ತೆಗೆ ಉರುಳಿತು. ಎದುರಿನ ಸೈಕಲ್ ಅಂಗಡಿಯವನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ನಿಮ್ಮ ಅತ್ತೆಗೆ ಇನ್ನೂ ಹೇಳಿಲ್ಲ.

ಈಗ ಉಸಿರು ಬಿಡು. ತಲೆ ಪ್ಲಾಸ್ಟಿಕ್ಕಿನದು. ಕೂದಲಿಗೆ ಸುರುಳಿ ಹಾಕುವುದನ್ನು ಅಭ್ಯಾಸ ಮಾಡಲಿ ಎಂದು ತರಿಸಿದ ಬೊಂಬೆ ತಲೆ. ಸ್ಕ್ರೂ ಸಡಿಲವಿತ್ತು. ಬೊಂಬೆಯದು, ನನ್ನದಲ್ಲ. ಹೀಗೆ ಶುರು ಮಾಡದಿದ್ದರೆ ನೀನು ಕಾಗದವನ್ನು ಪುಸ್ತಕದೊಳಗೆ ಇಟ್ಟು ಮರೆಯುತ್ತೀಯ ಎಂದು ಗೊತ್ತಿದ್ದೇ ಹೆದರಿಸಿದೆ. ತಪ್ಪಾಯಿತು ಎನ್ನುವುದಿಲ್ಲ, ಕೆಲಸವಾಯಿತು ಎನ್ನುತ್ತೇನೆ.

ಫೋನ್ ಮಾಡಬಹುದಲ್ಲ ಎನ್ನಬೇಡ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೇ ಕಟ್ ಆಗುತ್ತದೆ. ಕಟ್ ಮಾಡುವುದು ನನ್ನ ಕಸುಬು, ಫೋನಿನದ್ದಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡ ತಿಂಗಳಿಗೊಮ್ಮೆ ನೆಲದ ಕೂದಲು ಆರಿಸಿ, ಬಣ್ಣ ಹಚ್ಚದ್ದು, ಸುರುಳಿ ಮಾಡಿಸದ್ದು ಎಂದು ವಿಂಗಡಿಸಿ, ಪೊಟ್ಟಣ ಕಟ್ಟಿ ನಿನಗೆ ಕಳಿಸುತ್ತಾನೆ. ಅದನ್ನು ಏನು ಮಾಡುತ್ತಾಳಪ್ಪಾ ಎಂದು ಕೇಳಿದರೆ "ಕೆರಾಟಿನ್" ಎಂದು ಸುಮ್ಮನಾದ. ಕೆರೆತಕ್ಕೆ ಔಷಧಿ ಕಂಡುಹಿಡಿಯುತ್ತಿದ್ದೀಯ ಎಂದುಕೊಂಡು ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದೇನೆ. ನಮ್ಮ ಬೋಳು ಮೇಷ್ಟ್ರು, ಅದೇ, ತಲೆಯಲ್ಲಿ ಏನೂ ಇಲ್ಲದಿದ್ದರೂ ವಾರಕ್ಕೊಮ್ಮೆ ಕಟಿಂಗ್‌ಗೆ ಬರುವವರು, ಒಂದು ಬಾಟಲಿ ಮುಂಗಡ ಕೇಳಿದ್ದಾರೆ. ಮಾನ ಉಳಿಸು, ನಿಜ ತಿಳಿಸು.

ಇಂತಿ,
ಊರಿನವರ ತಲೆ ಕಾಯುವ ತಲೆಹರಟೆ,
ನಿನ್ನ ಮಾವ


ಜೂನ್ ೨೭

ಮಾವನವರಿಗೆ ನಮಸ್ಕಾರ.

"ಅತ್ತೆಗೆ ಇನ್ನೂ ಹೇಳಿಲ್ಲ" ಎಂಬ ಸಾಲಿನವರೆಗೂ ನಂಬಿದ್ದೆ. ನೀವು ಅತ್ತೆಗೆ ಹೇಳದ ಸಂಗತಿ ಇರುವುದುಂಟೇ? ಅಲ್ಲಿಗೆ ಸುಳ್ಳು ಎಂದು ಗೊತ್ತಾಯಿತು. ಆದರೂ ಒಂದು ಲೋಟ ನೀರು ಕುಡಿದೇ ಮುಂದೆ ಓದಿದೆ.

ಕೆರೆತಕ್ಕೂ ನನಗೂ ಸಂಬಂಧವಿಲ್ಲ. ಮೇಷ್ಟ್ರಿಗೆ ಹೇಳಿಬಿಡಿ. ಕೂದಲು ಯಾವ ಪ್ರೋಟೀನಿನಿಂದ ಆಗಿದೆಯೋ ಅದರ ಹೆಸರು ಕೆರಾಟಿನ್. ಪ್ರೋಟೀನ್ ಎಂದರೆ ಒಂದು ಉದ್ದನೆಯ ಮಣಿಸರ ಎಂದುಕೊಳ್ಳಿ. ಯಾವ ಮಣಿಯಾದ ಮೇಲೆ ಯಾವ ಮಣಿ ಎನ್ನುವುದು ಅದರ ಮೊದಲನೆಯ ರಚನೆ. ಆ ಸರ ತನ್ನ ಪಾಡಿಗೆ ಬಿದ್ದಿರುವುದಿಲ್ಲ, ಒಂದು ಕ್ರಮದಲ್ಲಿ ಸುತ್ತಿಕೊಳ್ಳುತ್ತದೆ, ಇಲ್ಲವೆ ಮಡಚಿಕೊಳ್ಳುತ್ತದೆ. ಅದು ಎರಡನೆಯ ರಚನೆ. ನನ್ನ ಐದು ವರ್ಷದ ಕೆಲಸವೆಲ್ಲ ಈ ಎರಡನೆಯದರ ಮೇಲೆ.

ಕೂದಲಿನೊಳಗಿನ ಸರ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಒಂದೊಂದು ಮಣಿಯೂ ತನ್ನಿಂದ ನಾಲ್ಕನೆಯ ಮಣಿಯ ಕಡೆ ಕೈಚಾಚಿ ಹಿಡಿದಿರುತ್ತದೆ. ಹಿಡಿತ ಬಹಳ ಸಡಿಲ, ಆದರೆ ಹಿಡಿದಿರುವ ಕೈಗಳು ಅಸಂಖ್ಯ, ಆದ್ದರಿಂದ ಸುರುಳಿ ನಿಲ್ಲುತ್ತದೆ. ಕೂದಲನ್ನು ಒದ್ದೆ ಮಾಡಿ ಎಳೆದರೆ ಆ ಕೈಗಳು ಬಿಟ್ಟುಕೊಳ್ಳುತ್ತವೆ. ಸುರುಳಿ ಬಿಚ್ಚಿ ನೇರವಾಗುತ್ತದೆ. ನೇರವಾದ ಸರಕ್ಕೆ ತನ್ನದೇ ಮಣಿಗಳು ಕೈಗೆ ಎಟಕುವುದಿಲ್ಲವಲ್ಲ, ಆಗ ಅದು ಪಕ್ಕದ ಸರದ ಕೈ ಹಿಡಿಯುತ್ತದೆ. ಹಾಗೆ ಅಕ್ಕಪಕ್ಕ ಕೈಹಿಡಿದು ನಿಂತ ಸರಗಳು ನೆರಿಗೆ ಹಿಡಿದ ಹಾಳೆಯಂತಾಗುತ್ತವೆ. ಎಳೆಯುವುದನ್ನು ಬಿಟ್ಟರೆ ಸರ ಮತ್ತೆ ಸುರುಳಿಗೆ ಮರಳುತ್ತದೆ. ಎಷ್ಟು ಎಳೆದರೆ ಮರಳುತ್ತದೆ, ಎಷ್ಟಾದ ಮೇಲೆ ಮರಳುವುದಿಲ್ಲ ಎನ್ನುವುದೇ ನನ್ನ ಪ್ರಶ್ನೆ.

ಡಾಕ್ಟರೇಟಿನ ಪ್ರಬಂಧ ಬರೆದು ಮುಗಿಯಿತು. ಕೂದಲು ಎಲ್ಲಿಂದ ತಂದದ್ದು ಎಂದು ನಮೂದಿಸುವ ಜಾಗವೊಂದಿದೆ. ಅಲ್ಲಿ "ಸ್ಥಳೀಯ ಮೂಲ" ಎಂದು ಬರೆದಿದ್ದೇನೆ. ಹಾಗೆಯೇ ಬರೆಯುವುದು ವಾಡಿಕೆ.

ನಿಮ್ಮ ಸೊಸೆ


ಜುಲೈ ೩೦

ಸೊಸೆಗೆ,

ಎರಡನೆಯ ರಚನೆ ಎಂದು ನೀನು ಬರೆದದ್ದನ್ನು ಜೋರಾಗಿ ಓದಿದೆ. ಒಳಗಿನಿಂದ ನಿಮ್ಮ ಅತ್ತೆ, "ಮೊದಲನೇದನ್ನೇ ನೆಟ್ಟಗೆ ನೋಡ್ಕೊಳ್ಳೋಕೆ ಬರಲ್ಲ, ಎರಡನೇದಂತೆ" ಎಂದರು. ಆದ್ದರಿಂದ ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡೆ.

ಓದಿ ಹಿಗ್ಗಿದೆ ಕಣಮ್ಮ. ನಾನು ಇಷ್ಟು ವರ್ಷ ಕೂದಲಿನ ಹೊರಗೆ ಇದ್ದೆ, ನೀನು ಒಳಗೆ ಹೋಗಿ ಬಂದೆ. ಗಿರಾಕಿಯ ಒದ್ದೆ ಕೂದಲು ಬಾಚಣಿಗೆಗೆ ಜಗ್ಗಿದಾಗ ಉದ್ದವಾಗುವುದು ನನಗೆ ಗೊತ್ತಿತ್ತು. ಒಳಗೆ ಯಾರು ಯಾರ ಕೈ ಬಿಟ್ಟರು, ಯಾರ ಕೈ ಹಿಡಿದರು ಎಂಬುದು ಗೊತ್ತಿರಲಿಲ್ಲ. ಈಗ ಬಾಚುವಾಗಲೆಲ್ಲ ಪಾಪ ಅನಿಸುತ್ತದೆ. ಮೊನ್ನೆ ಒಬ್ಬನ ತಲೆಗೆ ನೀರು ಹಾಕಿ "ಬಿಡ್ರಪ್ಪಾ ಕೈ" ಎಂದುಬಿಟ್ಟೆ. ಅವನು ಕುರ್ಚಿಯ ಹಿಡಿ ಬಿಟ್ಟ.

ಕನ್ನಡದಲ್ಲಿ ಇದನ್ನು ಹೇಳುವುದು ಎಷ್ಟು ಸುಲಭ ನೋಡು. ಎಳೆ ಎಂದರೆ ದಾರ. ಎಳೆ ಎಂದರೆ ಜಗ್ಗು. ಎಳೆ ಎಂದರೆ ಇನ್ನೂ ಬಲಿಯದ್ದು. ನಮ್ಮ ಮನೆಯ ಎಳೆ ಹುಡುಗಿ ಎಳೆಯನ್ನು ಎಳೆದು ಎಳೆದು ಡಾಕ್ಟರಾಗುತ್ತಾಳೆ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಬಿಟ್ಟಾರೆಯೇ, "ಅವಳು ಅಲ್ಲಿ ಎಳೀತಾಳೆ, ನೀವಿಲ್ಲಿ ಕತ್ತರಿಸ್ತೀರಿ, ಅಂತೂ ಯಾರ ಕೂದಲೂ ಉಳಿಯಲ್ಲ" ಎಂದರು. ಉಳಿಸಿಕೊಳ್ಳಲು ಅವರ ಹತ್ತಿರ ಏನಿದೆ ಹೇಳು. ಅಷ್ಟರಲ್ಲಿ ಅವರು "ಗಂಟೆ ಎಷ್ಟಾಯ್ತು" ಎಂದರು. ನಾನು ಎಂದಿನ ಹಾಗೆ ಕನ್ನಡಿಯಲ್ಲಿ ನೋಡಿ ಹೇಳಿದೆ. ನಮ್ಮ ಗಡಿಯಾರ ಬೆನ್ನ ಹಿಂದಿನ ಗೋಡೆಯ ಮೇಲಲ್ಲವೇ, ನಲವತ್ತು ವರ್ಷದಿಂದ ಅದನ್ನು ಉಲ್ಟಾ ಓದಿ ಓದಿ, ಈಗ ಬಸ್ ನಿಲ್ದಾಣದ ಸುಲ್ಟಾ ಗಡಿಯಾರ ನೋಡಿದರೆ ನನಗೆ ತಬ್ಬಿಬ್ಬಾಗುತ್ತದೆ.

"ಸ್ಥಳೀಯ ಮೂಲ" ಎಂದು ಬರೆದಿದ್ದೀಯಂತೆ. ಬರಿ, ಬರಿ. ಮೂಲ ಎಂದದ್ದನ್ನು ನೋಡಿ ನಿಮ್ಮ ಕಾಲೇಜಿನ ದೊಡ್ಡವರು ಕೂರಲು ತೊಂದರೆಯಾಗುವ ಕಾಯಿಲೆ ಎಂದುಕೊಳ್ಳದಿದ್ದರೆ ಸಾಕು. ನಿನ್ನ ಗಂಡ ಆ ಸಾಲನ್ನು ಎರಡು ಸಲ ಓದಿ, ಪೊಟ್ಟಣ ಕಟ್ಟಲು ಹೋದ.

ನನ್ನಿಂದ ಏನಾದರೂ ಆಗುವುದಿದ್ದರೆ ಹೇಳು. ಸುರುಳಿ ಸುತ್ತುವುದರಲ್ಲಿ ಈ ಬೀದಿಗೆ ನಾನೇ ಹಿರಿಯ.

ಇಂತಿ,
ಕೂದಲು ಕೊಂಕದ ಹಾಗೆ ನೋಡಿಕೊಂಡರೆ ಹೊಟ್ಟೆಗಿಲ್ಲದ,
ನಿನ್ನ ಮಾವ


ಆಗಸ್ಟ್ ೨೧

ಮಾವ,

ಸೆಪ್ಟೆಂಬರ್ ೨೧ಕ್ಕೆ ದಿನ ಗೊತ್ತಾಗಿದೆ. ತೆರೆದ ಸಭೆ. ಎಲ್ಲರ ಮುಂದೆ ಕೆಲಸ ವಿವರಿಸಬೇಕು, ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ. ಬರುವವರ ಹುಬ್ಬು ದಪ್ಪ, ಕೈ ಬಿಗಿ ಎಂದು ಹೆಸರು. ಹೋದ ವರ್ಷ ನನ್ನ ಪ್ರಬಂಧವನ್ನು "ಚಿತ್ರಗಳು ಸ್ಪಷ್ಟವಿಲ್ಲ, ಇವರಿಗೇ ಅರ್ಥವಾಗಿದೆಯೋ ಇಲ್ಲವೋ" ಎಂದು ವಾಪಸ್ ಕಳಿಸಿದ್ದು ಅವರೇ. ಇದನ್ನು ನಿಮಗೆ ಆಗ ಹೇಳಿರಲಿಲ್ಲ. ಈ ಸಲವೂ ಆಗದಿದ್ದರೆ ಮೂರನೆಯ ಅವಕಾಶವಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಡುತ್ತೇನೆ.

ಸುತ್ತುವುದರಲ್ಲಿ ಹಿರಿಯ ಎಂದಿರಲ್ಲ, ಒಂದು ಕೆಲಸ ಕೊಡುತ್ತೇನೆ. ಸಭೆಯಲ್ಲಿ ತೋರಿಸಲು ತಂತಿಯ ಮಾದರಿ ಬೇಕು, ಆಳೆತ್ತರ. ಚಿತ್ರ ಇದರೊಂದಿಗಿದೆ. ಕೆಂಪು ತಂತಿಯದು ಒಂದು ಸುರುಳಿ, ನೀಲಿಯದು ಇನ್ನೊಂದು. ಎರಡೂ ಬಲಕ್ಕೆ ಸುತ್ತಿರಬೇಕು, ಸ್ಕ್ರೂವಿನ ಮೈಮೇಲೆ ಸುತ್ತುಗೆರೆ ಇರುತ್ತದಲ್ಲ, ಹಾಗೆ. ಆಮೇಲೆ ಆ ಎರಡು ಸುರುಳಿಗಳು ಜಡೆಯ ಹಾಗೆ ಒಂದರ ಸುತ್ತ ಒಂದು ಹೆಣೆದುಕೊಳ್ಳುತ್ತವೆ, ಆ ಹೆಣಿಗೆ ಮಾತ್ರ ಎಡಕ್ಕೆ. ಕೂದಲಿನಲ್ಲಿ ಇರುವುದೇ ಹಾಗೆ. ದಯವಿಟ್ಟು ಚಿತ್ರದಲ್ಲಿ ಇರುವಂತೆಯೇ ಮಾಡಿ. ತಮಾಷೆ ಬೇಡ.

ನೀವೆಲ್ಲ ಬರಬೇಕೆಂದಿದ್ದೀರಿ ಎಂದು ನಿಮ್ಮ ಮಗ ಫೋನಿನಲ್ಲಿ ಹೇಳಿದರು. ಬರಬೇಡಿ ಮಾವ. ಹಾಲ್ ಚಿಕ್ಕದು, ಸೀಟು ಕಡಿಮೆ.

ನಿಮ್ಮ ಸೊಸೆ


ಸೆಪ್ಟೆಂಬರ್ ೧೮

ಸೊಸೆಗೆ,

ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ನಮ್ಮ ಗಿರಾಕಿಯೇ. ಅಲುಗಾಡಿಸಿದರೆ ಮುಂದಿನ ಸಲ ಒಂದು ಕಡೆಯ ಕ್ರಾಪು ಮಾತ್ರ ಹೊಡೆಯುತ್ತೇನೆ ಎಂದು ಹೇಳಿದ್ದೇನೆ.

ಮಾದರಿ ಹೇಗಿದೆ ನೋಡು. ಟವೆಲ್ ಒಣಹಾಕುವ ಕೋಲಿಗೆ ತಂತಿ ಸುತ್ತಿದೆ. ನಿನ್ನ ಚಿತ್ರವನ್ನು ಗಡಿಯಾರದ ಕೆಳಗೆ ಅಂಟಿಸಿ, ಗಿರಾಕಿ ಇಲ್ಲದಾಗ ಕನ್ನಡಿ ಮುಂದೆ ನಿಂತು, ಸುತ್ತಿಗೊಮ್ಮೆ ಕಣ್ಣು ಹಾಯಿಸಿ ಹಾಯಿಸಿ ಮಾಡಿದ್ದು. ಒಂದು ಸುತ್ತು ದೊಡ್ಡದಾಯಿತೆಂದು ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆ. ನಿನ್ನ ಗಂಡ ಮೂರು ದಿನ ಒಬ್ಬನೇ ಅಂಗಡಿ ನಡೆಸಿದ. ಮೇಷ್ಟ್ರು ಬಂದು, "ಇದೇನ್ರೀ, ಹಾಸಿಗೆ ಸ್ಪ್ರಿಂಗ್ ರಿಪೇರಿ ಶುರು ಮಾಡಿದ್ರಾ" ಎಂದರು. ಇದು ನಿಮ್ಮ ತಲೆಯಲ್ಲಿ ಇಲ್ಲದ್ದು, ನಿಮಗೆ ತಿಳಿಯಲ್ಲ ಎಂದೆ.

ಇಷ್ಟು ದಿನದಲ್ಲಿ ಒಂದು ಕೆಲಸವನ್ನೂ ಇಷ್ಟು ಮುತುವರ್ಜಿಯಿಂದ ಮಾಡಿಲ್ಲ. ನನ್ನ ಮದುವೆಯ ದಿನ ನಾನೇ ಮಾಡಿಕೊಂಡ ಕ್ಷೌರವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಹಾಲ್ ಚಿಕ್ಕದು ಎಂದೆಯಲ್ಲ. ಸರಿ ಬಿಡು. ನಿಮ್ಮ ಅತ್ತೆ ಮಾತ್ರ, "ನಾವೇನು ಮಡಿಲಲ್ಲಿ ಕೂರ್ತೀವಾ" ಎಂದರು. ನಿನ್ನ ಗಂಡ ಇಸ್ತ್ರಿ ಮಾಡಿಸಿ ತಂದಿದ್ದ ಅಂಗಿಯನ್ನು ಮಡಚಿ ಒಳಗಿಟ್ಟ. ಅವನಿಗೂ ಈಗ ಎರಡನೆಯ ರಚನೆ ಗೊತ್ತು, ಚೆನ್ನಾಗಿ ಮಡಚುತ್ತಾನೆ.

ಹೆದರಬೇಡ. ದಪ್ಪ ಹುಬ್ಬಿನವರು ಒಳ್ಳೆಯವರು, ನೋಡುವವರಿಗೆ ಮಾತ್ರ ಸಿಟ್ಟು ಬಂದ ಹಾಗೆ ಕಾಣುತ್ತದೆ. ನಲವತ್ತು ವರ್ಷ ಹುಬ್ಬು ತಿದ್ದಿದವನು ಹೇಳುತ್ತಿದ್ದೇನೆ.

ಇಂತಿ,
ಸುತ್ತಿ ಸುತ್ತಿ ಸುಸ್ತಾದ,
ನಿನ್ನ ಮಾವ


ಸೆಪ್ಟೆಂಬರ್ ೧೯

ಮಾವ,

ಇದೇ ಡ್ರೈವರ್ ವಾಪಸ್ ಬರುವಾಗ ಕೊಡುತ್ತಾರೆ. ಕೂಡಲೇ ಓದಿ.

ಮಾದರಿ ಬಿಚ್ಚಿ ನೋಡಿದೆ. ಎಲ್ಲವೂ ತಿರುಗುಮುರುಗಾಗಿದೆ. ಕೆಂಪು ಸುರುಳಿ ಎಡ, ನೀಲಿ ಸುರುಳಿ ಎಡ, ಹೆಣಿಗೆ ಬಲಕ್ಕೆ. ಒಂದು ಸುತ್ತು ತಪ್ಪಿದ್ದರೆ ತಪ್ಪು ಎನ್ನಬಹುದಿತ್ತು, ಎಲ್ಲವೂ ಒಪ್ಪವಾಗಿ, ಅಚ್ಚುಕಟ್ಟಾಗಿ ಉಲ್ಟಾ ಇದೆ. ಗೊತ್ತಿದ್ದೇ ಮಾಡದೆ ಹೀಗಾಗಲು ಸಾಧ್ಯವಿಲ್ಲ. ನಾನು ಗಾಬರಿಯಾಗಿ ಫೋನ್ ಮಾಡಲಿ, ಆಮೇಲೆ ಸರಿಯಾದದ್ದನ್ನು ಕಳಿಸೋಣ ಎಂದುಕೊಂಡಿದ್ದೀರಾ? ಇನ್ನೊಂದು ಇದ್ದರೆ ನಾಳೆ ಬೆಳಗಿನ ಬಸ್ಸಿಗೆ ಕಳಿಸಿ.

ಚಿತ್ರದ ಬಗ್ಗೆಯೇ ಆ ಪರೀಕ್ಷಕರು ಹೋದ ಸಲ ನನ್ನನ್ನು ವಾಪಸ್ ಕಳಿಸಿದ್ದು. ಇದನ್ನು ಇಟ್ಟುಕೊಂಡು ಹೋದರೆ ಇವಳಿಗೆ ಎಡ ಬಲವೂ ಗೊತ್ತಿಲ್ಲ ಎನ್ನುತ್ತಾರೆ. ಮಾದರಿ ತೋರಿಸುತ್ತೇನೆಂದು ಬರೆದುಕೊಟ್ಟಾಗಿದೆ, ಬರಿಗೈಲಿ ಹೋಗುವಂತೆಯೂ ಇಲ್ಲ.

ಇದೊಂದು ಸಲ ತಮಾಷೆ ಬೇಡ ಎಂದಿದ್ದೆ.

ಸೊಸೆ


ಸೆಪ್ಟೆಂಬರ್ ೧೯, ಸಂಜೆ

ಮಗಳೇ,

ಇನ್ನೊಂದು ಇಲ್ಲ. ನಾನು ತಮಾಷೆ ಮಾಡಿಲ್ಲ.

ನಿನ್ನ ಕಾಗದ ಓದಿ ಅಂಗಡಿಗೆ ಹೋದೆ. ಗೋಡೆಯ ಮೇಲೆ ಚಿತ್ರ ಹಾಗೆಯೇ ಇತ್ತು. ಸುತ್ತುವ ಜಾಗದಲ್ಲಿ ನಿಂತು ನೋಡಿದೆ. ಆಗ ಗೊತ್ತಾಯಿತು. ನಾನು ಒಂದು ಸಲವೂ ಹಿಂದಿರುಗಿ ಚಿತ್ರ ನೋಡಿಲ್ಲ. ಗಡಿಯಾರ ನೋಡುವ ಹಾಗೆ ಕನ್ನಡಿಯಲ್ಲೇ ನೋಡಿ ಸುತ್ತಿದ್ದೇನೆ. ನಿನ್ನ ಚಿತ್ರ ಸರಿ ಇದೆ. ನನ್ನ ಕೈಯೂ ಸರಿ ಇದೆ. ಕನ್ನಡಿಯೊಳಗೆ ಏನಿತ್ತೋ ಅದನ್ನು ಒಂದು ಸುತ್ತೂ ತಪ್ಪದ ಹಾಗೆ ಮಾಡಿದ್ದೇನೆ.

ಈ ಹೊತ್ತಿಗೆ ತಂತಿ ಸಿಗುವುದಿಲ್ಲ. ಸಿಕ್ಕರೂ ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಸುಳ್ಳು ಹೇಳಿ ಹೇಳಿ, ನಿಜ ಹೇಳುವಾಗ ಯಾವ ದನಿಯಲ್ಲಿ ಹೇಳಬೇಕು ಎಂಬುದೇ ಮರೆತುಹೋಗಿದೆ. ಆದರೂ ಇದು ನಿಜ.

ನಿನ್ನ ಮಾವ


ಸೆಪ್ಟೆಂಬರ್ ೨೩

ಮಾವನವರಿಗೆ ನಮಸ್ಕಾರ.

ಪಾಸಾಯಿತು ಎಂದು ಫೋನಿನಲ್ಲಿ ನಾನು ಹೇಳಿದ್ದನ್ನು ನಿಮ್ಮ ಮಗ ನಿಮಗೆ ತಿಳಿಸಿರುತ್ತಾರೆ. ಹೇಗೆ ಎಂಬುದನ್ನು ನಾನು ಬರೆಯುತ್ತೇನೆ.

ನಿಮ್ಮ ಕಾಗದವನ್ನು ಹಾಸ್ಟೆಲ್ಲಿನ ಮೆಟ್ಟಿಲ ಬಳಿ ನಿಂತೇ ಓದಿದೆ. ಅಲ್ಲೊಂದು ನಿಲುವುಗನ್ನಡಿ ಇದೆ, ಎಲ್ಲರೂ ಹೊರಗೆ ಹೋಗುವಾಗ ತಲೆ ಸರಿಮಾಡಿಕೊಳ್ಳುವುದು ಅದರಲ್ಲೇ. ಓದಿ ತಲೆ ಎತ್ತಿದರೆ ಎದುರಿಗೆ ಅದೇ ಇತ್ತು. ಓಡಿಹೋಗಿ ಮಾದರಿ ತಂದು ಅದರ ಮುಂದೆ ನಿಲ್ಲಿಸಿದೆ. ಒಳಗೆ ಎಲ್ಲವೂ ಸರಿಯಾಗಿತ್ತು. ಸುರುಳಿಗಳು ಬಲಕ್ಕೆ, ಹೆಣಿಗೆ ಎಡಕ್ಕೆ. ವಾರ್ಡನ್ ಒಪ್ಪಿಗೆ ಪಡೆದು, ವಾಚ್‌ಮನ್ ಜೊತೆ ಕನ್ನಡಿ ಹೊತ್ತು ಹಾಲ್‌ಗೆ ತಂದೆ.

ಮಾದರಿಗೆ ಅಡ್ಡ ಒಂದು ಹಲಗೆ ಇಟ್ಟು, ಮೊದಲು ಕನ್ನಡಿಯೊಳಗಿನದನ್ನಷ್ಟೇ ಸಭೆಗೆ ತೋರಿಸಿದೆ. ಕೂದಲು, ನೀರು, ಎಳೆತ, ಸುರುಳಿ ಬಿಚ್ಚಿ ಹಾಳೆಯಾಗುವುದು, ಬಿಟ್ಟಾಗ ಮರಳುವುದು, ಎಲ್ಲ ಹೇಳಿದೆ. ಆಮೇಲೆ ನಾನೇ ಹಲಗೆ ತೆಗೆದೆ. ಪರೀಕ್ಷಕರು ಕನ್ನಡಕ ಏರಿಸಿ ಎದ್ದು ಬಂದರು. ಎರಡನ್ನೂ ನೋಡಿದರು.

"ಇವೆರಡರಲ್ಲಿ ಕೂದಲು ಯಾವುದಮ್ಮ?" ಎಂದರು.

"ಕನ್ನಡಿಯೊಳಗೆ ಇರೋದು ಸರ್. ಹೊರಗಿರೋದು ಈ ಹಾಲ್‌ನಲ್ಲಿ ಯಾರ ತಲೆಯಲ್ಲೂ ಇಲ್ಲ."

ಹಿಂದಿನಿಂದ ಯಾರೋ ಜೋರಾಗಿ ಕೆಮ್ಮಿದರು.

ಯಾಕಿಲ್ಲ ಎಂದು ಪರೀಕ್ಷಕರು ಕೇಳಿದರು. ಈ ಪ್ರಶ್ನೆಗೆ ನನ್ನ ಪ್ರಬಂಧದಲ್ಲಿ ಒಂದೇ ಸಾಲಿತ್ತು. ಆದರೆ ಹಿಂದಿನ ಎರಡು ದಿನ ನಿಮ್ಮ ಎಡವಟ್ಟನ್ನು ಎದುರಿಗಿಟ್ಟುಕೊಂಡು ಬೇರೇನನ್ನೂ ಯೋಚಿಸಿರಲಿಲ್ಲ. ಹೇಳುತ್ತಾ ಹೋದೆ. ಮಣಿಗಳಿಗೂ ಎಡಗೈ ಬಲಗೈಯಂತೆ ಎರಡು ರೂಪ ಸಾಧ್ಯ, ಆದರೆ ಜೀವಿಗಳು ಪೋಣಿಸುವ ಮಣಿಗಳೆಲ್ಲ ಒಂದೇ ಕೈಯವು. ಅವನ್ನು ಬಲಕ್ಕೆ ಸುತ್ತಿದರೆ ಹಾಯಾಗಿ ಕೂರುತ್ತವೆ, ಎಡಕ್ಕೆ ಸುತ್ತಿದರೆ ಒಂದರ ಮೊಣಕೈ ಇನ್ನೊಂದಕ್ಕೆ ತಿವಿಯುತ್ತದೆ. ಕನ್ನಡಿಯ ಹೊರಗಿರುವ ಸುರುಳಿ ಹಾಯಾಗಿ ಇರಬೇಕಾದರೆ ಅದರ ಒಂದೊಂದು ಮಣಿಯನ್ನೂ ಕನ್ನಡಿಯೊಳಗಿನಿಂದಲೇ ತರಬೇಕು. ತಂತಿಗೆ ಮಣಿಯಿಲ್ಲ, ಮೊಣಕೈಯಿಲ್ಲ, ಆದ್ದರಿಂದ ಅದು ಹೇಗೆ ಸುತ್ತಿದರೂ ಸುಮ್ಮನಿರುತ್ತದೆ, ಕೂದಲು ಸುಮ್ಮನಿರುವುದಿಲ್ಲ ಎಂದೆ.

ಅವರ ಹುಬ್ಬು ಮೇಲೆ ಹೋಯಿತು. ನೀವು ಹೇಳಿದ್ದು ನಿಜ ಮಾವ, ನಗುವಾಗಲೂ ಅದು ಸಿಟ್ಟಿನ ಹಾಗೆಯೇ ಕಾಣುತ್ತದೆ. ಸಭೆಯ ಕಡೆ ತಿರುಗಿ, "ಈ ಸಲ ಚಿತ್ರ ಸ್ಪಷ್ಟವಾಗಿದೆ" ಎಂದರು. ಬೇಕೆಂದೇ ಉಲ್ಟಾ ಮಾಡಿಸಿದ್ದಾ ಎಂದೂ ಕೇಳಿದರು. ಹೌದು ಎನ್ನಬಹುದಿತ್ತು, ಎನ್ನಲಿಲ್ಲ. ನಡೆದದ್ದು ಹೇಳಿದೆ. ಹಾಗಾದರೆ ಯಾರು ಮಾಡಿದ್ದು ಎಂದರು. ಅದನ್ನೂ ಹೇಳಿದೆ.

ಹಾಲ್ ಚಿಕ್ಕದು ಎಂದು ನಿಮಗೆ ಬರೆದಿದ್ದೆ. ನೀವು ನಂಬಿದಿರೋ ಇಲ್ಲವೋ ಗೊತ್ತಿಲ್ಲ. ಬಂದಾಗ ಮಾತಾಡುತ್ತೇನೆ. ನಿಮ್ಮ ಮಗನ ಅಂಗಿಯನ್ನು ಮತ್ತೆ ಇಸ್ತ್ರಿ ಮಾಡಿಸಲು ಹೇಳಿ.

ನಿಮ್ಮ ಸೊಸೆ


ಅಕ್ಟೋಬರ್ ೨

ಡಾಕ್ಟರ್ ಸೊಸೆಗೆ, ಡಾಕ್ಟರಲ್ಲದ ಮಾವನ ಆಶೀರ್ವಾದ.

ಸುದ್ದಿ ಬಂದಾಗಿನಿಂದ ಅಂಗಡಿಯಲ್ಲಿ ಎರಡನೆಯ ಮಾತಿಲ್ಲ, ಎರಡನೆಯ ರಚನೆಯೊಂದೇ. ಗಡ್ಡಕ್ಕೆ ಸೋಪು ಹಚ್ಚಿ, ಗಂಟಲ ಮೇಲೆ ಕತ್ತಿ ಇಟ್ಟುಕೊಂಡು, ನಿನ್ನ ಕಥೆ ಮೊದಲಿನಿಂದ ಹೇಳುತ್ತೇನೆ. ಯಾರೂ ಅಡ್ಡ ಮಾತಾಡುವುದಿಲ್ಲ. ಮೇಷ್ಟ್ರು ನಿನ್ನೆ, "ಕೇಳಿ ಕೇಳಿ ನನಗೂ ಡಿಗ್ರಿ ಕೊಡ್ಬೇಕು" ಎಂದರು. ಅವರ ಬೋಳು ತಲೆಗೆ ಎಣ್ಣೆ ಹಚ್ಚಿ ಹೊಳೆಯಿಸಿ, ಅದರಲ್ಲೇ ಮುಖ ನೋಡಿಕೊಂಡು ಮೀಸೆ ಸರಿಮಾಡಿಕೊಂಡೆ. ಎಡ ಬಲ ನೋಡಿಕೊಂಡೇ ಮಾಡಿದೆ.

ನಿನ್ನ ಕಾಗದವನ್ನು ಮನೆಯಲ್ಲಿ ಎಲ್ಲರ ಮುಂದೆ ನಾನೇ ಓದಿದೆ. "ಅದನ್ನೂ ಹೇಳಿದೆ" ಎಂಬಲ್ಲಿಗೆ ಬಂದಾಗ ನಿಮ್ಮ ಅತ್ತೆ ತಡೆದರು. "ಏನಂತ ಹೇಳಿದ್ಳಂತೆ?" ಎಂದರು. ಬರೆದಿಲ್ಲ ಎಂದೆ. ನಿನ್ನ ಗಂಡ ಬಾಚಣಿಗೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ. ಕೇಳಲಿಲ್ಲ, ಅವನು ಯಾವತ್ತು ಕೇಳುತ್ತಾನೆ. ನಲ್ಲಿ ನಿಲ್ಲಿಸಿ ಹಾಗೇ ನಿಂತ.

ಅವನು ಹಾಗೆ ನಿಂತದ್ದನ್ನು ನೋಡಲಾಗಲಿಲ್ಲ. ಹೇಳಿಬಿಟ್ಟೆ. ಅವಳು ಮೈಕಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ಇದು ಎಂದೆ: "ನಮ್ಮ ಮಾವ ಮಾಡಿದ್ದು ಸರ್. ಕಟಿಂಗ್ ಶಾಪ್ ಇದೆ ನಮ್ದು. ನಮ್ಮೆಜಮಾನ್ರೇ ನಡೆಸ್ತಾರೆ. ನಾನು ಐದು ವರ್ಷ ಎಳೆದಿರೋ ಕೂದಲೆಲ್ಲ ಆ ಅಂಗಡೀದೇ."

ನಿಮ್ಮ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಿನ್ನ ಗಂಡ ಮತ್ತೆ ನಲ್ಲಿ ತಿರುಗಿಸಿ, ತೊಳೆದಾಗಿದ್ದ ಬಾಚಣಿಗೆಯನ್ನೇ ಇನ್ನೊಮ್ಮೆ ತೊಳೆದ. ಸುಮಾರು ಹೊತ್ತು ತೊಳೆದ.

ನನಗೆ ಮಾತಿನ ಆಟ ಗೊತ್ತು ಎಂದು ಊರೆಲ್ಲ ಹೇಳುತ್ತಾರೆ. ಒಂದು ಮಾತನ್ನು ಹತ್ತು ಕಡೆ ತಿರುಗಿಸುತ್ತೇನೆ. "ನಮ್ದು" ಎನ್ನುವುದನ್ನು ಮಾತ್ರ ಎಷ್ಟು ತಿರುಗಿಸಿ ನೋಡಿದರೂ ಅದಕ್ಕೆ ಇನ್ನೊಂದು ಅರ್ಥ ಸಿಗಲಿಲ್ಲ, ತಾಯಿ.

ಕಣ್ಣು ಒರೆಸಿಕೊಂಡಾದ ಮೇಲೆ ನಿಮ್ಮ ಅತ್ತೆಗೆ ಹೊಳೆಯಿತು. "ಕಾಗದದಲ್ಲಿ ಇಲ್ಲ ಅಂದ್ರಿ. ನಿಮಗೆ ಹೇಗೆ ಗೊತ್ತು?" ಎಂದರು. ಆಮೇಲೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡು, ಇಲ್ಲಿ ಕೂತು ಮೊದಲು ನಿನಗೆ ಬರೆಯುತ್ತಿದ್ದೇನೆ. ೨೧ರಂದು ಬೆಳಿಗ್ಗೆ ಕತ್ತರಿಗಳಿಗೆ ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದ್ದೆ. ಕತ್ತರಿಗಳು ಇವತ್ತಿಗೂ ಮೊಂಡಾಗಿವೆ. ನಾನು ಬಂದಿದ್ದೆ. ಸೀಟಿಲ್ಲ ಎಂದಿದ್ದೆಯಲ್ಲ, ಅದಕ್ಕೇ ಕೊನೆಯವರೆಗೂ ಬಾಗಿಲ ಹತ್ತಿರ ನಿಂತೇ ಇದ್ದೆ.

ನಿನ್ನ ಮಾವ